ಒಂದೇ ಆರ್ಡರಿಗೆ ಎರಡು ಬಿಲ್

ನಮ್ಮಲ್ಲಿ ಆರ್ಡರ್, ಪೇಮೆಂಟ್, ಬಿಲ್ಲಿಂಗ್ ಹೀಗೆ ಒಟ್ಟು ಆರು ಸರ್ವಿಸ್‌ಗಳಿವೆ. ಆರಕ್ಕೂ ಯೂನಿಟ್ ಟೆಸ್ಟ್ (ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು) ಇತ್ತು, ಎಲ್ಲಾ ಪಾಸ್. ಆದರೂ ಒಂದು ರಿಲೀಸ್ ಆದ ಸಂಜೆ ಕೆಲವು ಗ್ರಾಹಕರಿಗೆ ಒಂದೇ ಆರ್ಡರಿಗೆ ಎರಡೆರಡು ಬಿಲ್ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆರ್ಡರ್ ಸರ್ವಿಸ್ ಅಮೆಜಾನ್ ಎಸ್‌ಕ್ಯೂಎಸ್ ಅನ್ನೋ ಕ್ಲೌಡ್ ಕ್ಯೂಗೆ (ಮೆಸೇಜ್‌ಗಳು ಕಾಯುವ ಸಾಲು) ಮೆಸೇಜ್ ಹಾಕುತ್ತೆ, ಬಿಲ್ಲಿಂಗ್ ಅದನ್ನು ಎತ್ತಿಕೊಂಡು ಬಿಲ್ ಮಾಡುತ್ತೆ. ಎತ್ತಿಕೊಂಡ ಮೆಸೇಜ್ ಸ್ವಲ್ಪ ಹೊತ್ತು ಬೇರೆಯವರಿಗೆ ಕಾಣಿಸುವುದಿಲ್ಲ. ಅಷ್ಟರೊಳಗೆ ಕೆಲಸ ಮುಗಿಸಿ ಅಳಿಸದಿದ್ದರೆ ಮತ್ತೆ ಕಾಣಿಸುತ್ತೆ. ಈ ಹೊತ್ತೇ ವಿಸಿಬಿಲಿಟಿ ಟೈಮ್‌ಔಟ್. ನಾವು ಬದಲಾಯಿಸದಿದ್ದರೆ ಅದು 30 ಸೆಕೆಂಡ್. ಲೋಡ್ ಜಾಸ್ತಿಯಾದಾಗ ಬಿಲ್ಲಿನ ಪಿಡಿಎಫ್ ಮಾಡಲು 40 ಸೆಕೆಂಡ್ ಹಿಡಿಯುತ್ತಿತ್ತು. ಅಷ್ಟರಲ್ಲಿ ಮೆಸೇಜ್ ಮತ್ತೆ ಕಾಣಿಸಿಕೊಂಡು, ಬಿಲ್ಲಿಂಗ್‌ನ ಇನ್ನೊಂದು ಪಾಡ್ (ಅದೇ ಸರ್ವಿಸ್‌ನ ಇನ್ನೊಂದು ಪ್ರತಿ) ಅದನ್ನೇ ಎತ್ತಿಕೊಂಡಿತ್ತು. ಟೆಸ್ಟ್‌ನಲ್ಲಿದ್ದದ್ದು ಮಾಕ್ ಕ್ಯೂ, ಅಂದರೆ ನಕಲಿ ಕ್ಯೂ. ಅದು ಮೆಸೇಜನ್ನು ಒಂದೇ ಸಲ ಕೊಡುತ್ತೆ. ತಪ್ಪು ಸಿಗೋದಾದರೂ ಹೇಗೆ, ಅಲ್ವಾ?

ಮಾರನೇ ವಾರವೇ ಇಂಟಿಗ್ರೇಷನ್ ಟೆಸ್ಟ್ (ಸರ್ವಿಸ್‌ಗಳನ್ನು ಒಟ್ಟಿಗೆ ಓಡಿಸಿ ಪರೀಕ್ಷಿಸುವುದು) ಕಟ್ಟಲು ಕೂತೆ. ಟೆಸ್ಟ್‌ಗೆ ಬಳಸುತ್ತಿದ್ದ ಎಚ್2 ಅನ್ನೋ ಪುಟ್ಟ ಡೇಟಾಬೇಸ್ ತೆಗೆದು, ಟೆಸ್ಟ್‌ಕಂಟೇನರ್ಸ್‌ನಲ್ಲಿ (ಟೆಸ್ಟ್‌ಗಾಗಿ ತಾತ್ಕಾಲಿಕ ಕಂಟೇನರ್ ಎಬ್ಬಿಸುವ ಲೈಬ್ರರಿ) ನಿಜವಾದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿದೆ. ಕ್ಯೂ ಕ್ಲೌಡ್‌ನಲ್ಲೇ ಇರಲಿ ಅಂದೆ. ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಕೋಡ್ ಬದಲಾವಣೆ ಸೇರಿಸಲು ಕೋರಿಕೆ) ಹೊಸ ಕ್ಯೂ, ಪಾಡ್‌ಗಳನ್ನು ಓಡಿಸುವ ಕುಬರ್ನೆಟಿಸ್‌ನಲ್ಲಿ ಹೊಸ ನೇಮ್‌ಸ್ಪೇಸ್ (ಪ್ರತ್ಯೇಕ ಜಾಗ). ಟೆಸ್ಟ್ ಮುಗಿದ ಮೇಲೆ ಎರಡನ್ನೂ ಅಳಿಸುತ್ತೇವೆ. ಹೊರಗಿನ ಪೇಮೆಂಟ್ ಗೇಟ್‌ವೇ ಒಂದಕ್ಕೆ ಮಾತ್ರ ವೈರ್‌ಮಾಕ್, ಅಂದರೆ ನಕಲಿ ಉತ್ತರ ಕೊಡುವ ಸರ್ವರ್.

ಮೊದಲ ಟೆಸ್ಟ್ ಸರಳ. ಒಂದೇ ಮೆಸೇಜನ್ನು ಎರಡು ಸಲ ಕಳಿಸು, ಬಿಲ್ ಟೇಬಲ್‌ನಲ್ಲಿ ಒಂದೇ ಸಾಲು ಇದೆಯಾ ನೋಡು. ಎರಡನೆಯದರಲ್ಲಿ ಬಿಲ್ಲಿಂಗ್ ಸರ್ವಿಸನ್ನು ಬೇಕಂತಲೇ 35 ಸೆಕೆಂಡ್ ತಡ ಮಾಡಿಸಿದೆ. ಹಳೆ ಕೋಡ್ ಮೇಲೆ ಎರಡೂ ಫೇಲ್ ಆದವು. ಆಗಲೇ ನನಗೆ ಧೈರ್ಯ ಬಂದಿದ್ದು. ಆರ್ಡರ್ ನಂಬರಿನ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ (ಒಂದು ನಂಬರಿಗೆ ಒಂದೇ ಸಾಲು ಅನ್ನೋ ಡೇಟಾಬೇಸ್ ನಿಯಮ) ಹಾಕಿದೆವು, ಟೈಮ್‌ಔಟ್ 2 ನಿಮಿಷ ಮಾಡಿದೆವು. ಎರಡೂ ಪಾಸಾದವು. ಟೈಮ್‌ಔಟ್ ಒಂದನ್ನೇ ಏರಿಸಿ ಬಿಡಬೇಡಿ. ಎಸ್‌ಕ್ಯೂಎಸ್ ಸ್ಟ್ಯಾಂಡರ್ಡ್ ಕ್ಯೂ ಟೈಮ್‌ಔಟ್ ಮುಗಿಯದಿದ್ದರೂ ಒಮ್ಮೊಮ್ಮೆ ಒಂದೇ ಮೆಸೇಜನ್ನು ಎರಡು ಸಲ ಕೊಡಬಹುದು.

ಟೆಸ್ಟ್‌ನಲ್ಲಿ ಸುಮ್ನೆ 'ಸ್ಲೀಪ್' ಹಾಕಿ ಇಷ್ಟು ಸೆಕೆಂಡ್ ಅಂತ ಕಾಯುವುದನ್ನೂ ಬಿಟ್ಟೆ. ಒಂದು ದಿನ ಪಾಸ್, ಒಂದು ದಿನ ಫೇಲ್ ಆದರೆ ಆ ಟೆಸ್ಟನ್ನು ಯಾರೂ ನಂಬುವುದಿಲ್ಲ. ಈಗ ಅವೈಟಿಲಿಟಿ ಅನ್ನೋ ಲೈಬ್ರರಿ ಅರ್ಧ ಸೆಕೆಂಡಿಗೊಮ್ಮೆ ಟೇಬಲ್ ನೋಡುತ್ತೆ, ಬಿಲ್ ಬಂದ ಕೂಡಲೇ ಮುಂದೆ ಹೋಗುತ್ತೆ.

ಆಮೇಲೆ ಮೂರನೇ ಟೆಸ್ಟ್ ಸೇರಿಸಿದೆ. ಬಿಲ್ ಟೇಬಲ್‌ಗೆ ಬಿದ್ದ ಮೇಲೆ, ಮೇಲ್ ಹೋಗುವ ಮುಂಚೆ ಪಾಡ್ ಕೊಂದುಬಿಡುವುದು. ಫೇಲ್! ಮೆಸೇಜ್ ಮತ್ತೆ ಬಂದಾಗ 'ಬಿಲ್ ಆಗಲೇ ಇದೆ' ಅಂತ ಕೋಡ್ ಬಿಟ್ಟುಬಿಡುತ್ತಿತ್ತು. ಗ್ರಾಹಕರಿಗೆ ಬಿಲ್ ಹೋಗುತ್ತಲೇ ಇರಲಿಲ್ಲ. ಈಗ ಆ ಸಾಲಿನಲ್ಲಿ 'ಕಳಿಸಿಲ್ಲ' ಅಂತ ಗುರುತಿರುತ್ತೆ, ಮೇಲ್ ಹೋದ ಮೇಲೆ ಅದು ಬದಲಾಗುತ್ತೆ. ಈ ತಪ್ಪು ರಿಲೀಸ್‌ಗೆ ಎರಡು ದಿನ ಮೊದಲೇ ಸಿಕ್ಕಿತು.