ಜೇಬಿಗೊಂದು ಅಣಬೆ ಪುಸ್ತಕ

ನಾನು ಕೊಂಡ ಮೊದಲ ಅಣಬೆ ಕೈಪಿಡಿ ಯುರೋಪಿನದು. ಮುಂಬಯಿಯ ಫೌಂಟನ್ ಬಳಿ, ನೀಲಿ ತಾಡಪಾಲಿನ ಕೆಳಗೆ, ಬ್ಯಾಂಕ್ ಪರೀಕ್ಷೆಯ ಗೈಡುಗಳ ರಾಶಿಯಲ್ಲಿ ಸಿಕ್ಕಿತು. 250 ರೂಪಾಯಿ ಎಂದವನು 180ಕ್ಕೆ ಇಳಿದ. ಅಂಗೈಯಗಲದ ಪುಸ್ತಕ, ಪುಟಪುಟಕ್ಕೂ ಬಣ್ಣದ ಚಿತ್ರ. ಚರ್ಚ್‌ಗೇಟಿನಲ್ಲಿ ಹತ್ತಿದ ಲೋಕಲ್ ಬೋರಿವಲಿ ಮುಟ್ಟುವಷ್ಟರಲ್ಲಿ ಅರ್ಧ ತಿರುವಿ ಹಾಕಿದ್ದೆ. ಅದು ನಾನು ತಿರುಗುವ ಕಾಡಿಗೆ ಹೇಳಿ ಮಾಡಿಸಿದ್ದಲ್ಲ ಎಂದು ತಿಳಿಯಲು ಒಂದು ಇಡೀ ಮಳೆಗಾಲ ಹಿಡಿಯಿತು.

ನಮ್ಮದು ಕಾರ್ಕಳದ ಕಡೆ. ಗುಡುಗು ಬಂದರೆ ಕಲ್ಲಣಬೆ ಏಳುತ್ತದೆ ಎಂದು ನಂಬುವ ಮನೆ. ತುಳುವಿನಲ್ಲಿ ಅದು ಕಲ್ಲಲಾಂಬು. ಗೋಲಿಯಂಥ ಉಂಡೆಗಳು, ಮಣ್ಣಿನೊಳಗೇ ಅಡಗಿರುತ್ತವೆ, ಕೆದಕಿ ತೆಗೆಯಬೇಕು. ಕತ್ತರಿಸಿದಾಗ ಒಳಗೆ ಬಿಳಿಯಿದ್ದರೆ ಅಡುಗೆಗೆ, ಕಪ್ಪಾಗಿದ್ದರೆ ತೆಂಗಿನ ಬುಡಕ್ಕೆ. ಕೈಪಿಡಿಯಲ್ಲಿ ಆಸ್ಟ್ರಿಯಸ್ ಎಂಬ ಹೆಸರಿನಡಿ ಅದರ ಬಂಧು ಇತ್ತು, ಆದರೆ ನನಗೆ ಗುರುತೇ ಸಿಗಲಿಲ್ಲ. ಚಿತ್ರದಲ್ಲಿದ್ದದ್ದು ಹೊರಸಿಪ್ಪೆ ಸೀಳಿ ನಕ್ಷತ್ರದಂತೆ ಅರಳಿಕೊಂಡು, ನಡುವೆ ಬೂದು ಬಣ್ಣದ ಚೀಲ ಹೊತ್ತು ಕುಳಿತ ಮುದಿ ಅಣಬೆ. ಪಕ್ಕದಲ್ಲಿ, ತಿನ್ನಲು ಬಾರದು ಎಂಬ ಗುರುತು. ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಮುದಿಯಾದ ಮೇಲೆ ಯಾರಾದರೂ ತಿನ್ನುತ್ತಾರೆಯೇ? ಬರೆದವನಿಗೆ ಎಳೆಯದು ಸಿಕ್ಕಿರಲಿಕ್ಕಿಲ್ಲ, ಪಾಪ" ಎಂದರು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಅಲ್ಲಿ ಅದನ್ನು ಯಾರೂ ಕೆದಕಿ ತಿನ್ನುವುದಿಲ್ಲ, ನಡೆದು ಹೋಗುವವರ ಕಣ್ಣಿಗೆ ಬೀಳುವುದು ಅರಳಿದ ನಕ್ಷತ್ರವೇ.

ಇದು ತಮಾಷೆಯಲ್ಲಿ ಮುಗಿಯಿತು. ಮುಂದಿನದು ಮುಗಿಯುವುದಿತ್ತು ಆಸ್ಪತ್ರೆಯಲ್ಲಿ.

ಜುಲೈಯಲ್ಲಿ ನಮ್ಮ ಸೊಸೈಟಿಯ ಹುಲ್ಲುಹಾಸಿನ ಮೇಲೆ ಬೆಳಗಾಗುವಷ್ಟರಲ್ಲಿ ಏಳೆಂಟು ಬಿಳಿ ಕೊಡೆಗಳು ಎದ್ದಿದ್ದವು. ಊಟದ ತಟ್ಟೆಗೆ ಸ್ವಲ್ಪ ಚಿಕ್ಕವು. ಮೇಲೆ ಕಂದು ಚಕ್ಕೆಗಳು, ನಡುವೆ ದಟ್ಟವಾಗಿ, ಅಂಚಿಗೆ ವಿರಳವಾಗಿ. ದಂಟಿನ ಮೇಲೊಂದು ಉಂಗುರ. ಬೆರಳಿನಿಂದ ತಳ್ಳಿದರೆ ಬಳೆಯಂತೆ ಮೇಲೆ ಕೆಳಗೆ ಜಾರುತ್ತಿತ್ತು. ಪುಸ್ತಕ ತೆರೆದೆ. ಪ್ಯಾರಾಸೋಲ್ ಎಂಬ ಪುಟದ ಎಲ್ಲ ಲಕ್ಷಣಗಳೂ ತಾಳೆಯಾದವು: ಗಾತ್ರ, ಚಕ್ಕೆ, ಜಾರುವ ಉಂಗುರ. ಪಕ್ಕದಲ್ಲಿ ಚಾಕು ಮತ್ತು ಫೋರ್ಕಿನ ಚಿಹ್ನೆ, ರುಚಿ ಉತ್ತಮ ಎಂಬ ಶಿಫಾರಸು. ಎದುರು ಮನೆಯ ಹುಬ್ಬಳ್ಳಿಯ ಕಾಕೂ ಹಿಂದೆಯೇ ನಿಂತು ಚಿತ್ರ ನೋಡುತ್ತಿದ್ದರು. "ಹಾಗಾದರೆ ಪಲ್ಯ ಮಾಡಬಹುದಲ್ಲ, ತಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡನ್ನು ಕಿತ್ತುಕೊಂಡು ಹೋದರು.

ಒಂದು ರಾತ್ರಿ ತಡೆಯಿರಿ ಎಂದು ಬೇಡಿಕೊಂಡೆ. ಪುಸ್ತಕದ ಮುನ್ನುಡಿಯಲ್ಲಿ ಬೀಜಕದ ಬಣ್ಣ ನೋಡದೆ ಯಾವುದನ್ನೂ ನಂಬಬೇಡಿ ಎಂಬ ಒಂದು ಸಾಲಿತ್ತು. ಬೀಜಕವೆಂದರೆ ಕೊಡೆಯಡಿಯಿಂದ ಉದುರುವ, ಪುಡಿಯಂಥ ಬೀಜ. ಮದುವೆ ಕರೆಯೋಲೆಯೊಂದರ ಬಿಳಿ ಬೆನ್ನಿಗೆ ಅರ್ಧದಷ್ಟು ಕಪ್ಪು ಕಾಗದ ಅಂಟಿಸಿದೆ. ತಿಳಿ ಬಣ್ಣದ ಬೀಜಕ ಬಿಳಿಯ ಮೇಲೆ ಕಾಣುವುದಿಲ್ಲ, ಅದಕ್ಕೆ ಕಪ್ಪು. ದಂಟು ಕತ್ತರಿಸಿ, ಕೊಡೆಯನ್ನು ಬೋರಲಾಗಿಟ್ಟು, ಗಾಳಿ ಆಡದಂತೆ ಸ್ಟೀಲ್ ಬಟ್ಟಲು ಮುಚ್ಚಿದೆ. ಬೆಳಿಗ್ಗೆ ಎತ್ತಿದಾಗ ಎರಡು ಸಣ್ಣ ಹುಳುಗಳು ಕಾಗದದ ಮೇಲೆ ವಾಕಿಂಗ್ ಹೊರಟಿದ್ದವು. ಅವುಗಳ ಕೆಳಗೆ, ಕೊಡೆಯಡಿಯ ತೆಳು ಎಸಳುಗಳ ಒಂದೊಂದು ಗೆರೆಯೂ ನಡುವಿನಿಂದ ಅಂಚಿನವರೆಗೆ ನೀಟಾಗಿ ಅಚ್ಚಾಗಿತ್ತು. ಬಣ್ಣ ಹಸಿರು, ಕಾಂಪೌಂಡ್ ಗೋಡೆಯ ಮೇಲೆ ಒಣಗಿದ ಪಾಚಿಯ ಮಂಕು ಹಸಿರು.

ಪ್ಯಾರಾಸೋಲಿನ ಬೀಜಕ ಬಿಳಿ. ಹಸಿರು ಬೀಜಕದ್ದು ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್, ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿಸುವಂಥದು. ಬೆಚ್ಚನೆಯ ದೇಶಗಳ ಹುಲ್ಲುಹಾಸುಗಳಲ್ಲಿ ಧಾರಾಳವಾಗಿ ಏಳುತ್ತದೆ, ಯುರೋಪಿನಲ್ಲಿ ಅಪರೂಪ. ಆದ್ದರಿಂದ ನನ್ನ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎಳೆಯದಿದ್ದಾಗ ಎಸಳುಗಳೂ ಬೆಳ್ಳಗೇ ಇರುತ್ತವೆ, ಹಸಿರು ಛಾಯೆ ತಿರುಗುವುದು ಬಲಿತ ಮೇಲೆ. ಕಾಕೂ ತೊಳೆದಿಟ್ಟಿದ್ದ ಬುಟ್ಟಿಯನ್ನು ಕಸಕ್ಕೆ ಸುರಿದು, ಬುಟ್ಟಿಯನ್ನೂ ಎಸೆದುಬಿಟ್ಟರು. ಅದು ಬೇಕಿರಲಿಲ್ಲ.

ಅಂದಿನಿಂದ ಯಾವ ಕೈಪಿಡಿ ಕೈಗೆತ್ತಿಕೊಂಡರೂ ಮೊದಲು ಕೊನೆಯ ಪದಸೂಚಿಗೆ ಹೋಗುತ್ತೇನೆ. ಹಸಿರು ಬೀಜಕದ್ದು ಇದೆಯೇ? ಇದ್ದರೆ ಹುತ್ತದ ಅಣಬೆ, ಅಂದರೆ ಟರ್ಮಿಟೊಮೈಸಿಸ್ ಇದೆಯೇ? ಗೋವಾದವರು ಮಳೆಗಾಲದಲ್ಲಿ ಕೇಳಿದ ಬೆಲೆ ಕೊಟ್ಟು ಒಯ್ಯುವ ಓಳಮಿ ಇದೇ. ಗೆದ್ದಲುಗಳು ಹುತ್ತದೊಳಗೆ ಈ ಶಿಲೀಂಧ್ರವನ್ನು ಸಾಕಿಕೊಳ್ಳುತ್ತವೆ. ಅಣಬೆ ತನ್ನ ದಂಟಿನ ಕೆಳಗೆ ಬೇರಿನಂಥ ಉದ್ದ ಬಾಲ ಇಳಿಬಿಟ್ಟು ಆ ತೋಟಕ್ಕೇ ಅಂಟಿಕೊಂಡಿರುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಅದಕ್ಕೆ ಈ ಹೆಸರಿಟ್ಟ. ಇಂಥ ಗೆದ್ದಲಿರುವುದು ಆಫ್ರಿಕಾ ಮತ್ತು ಏಷ್ಯಾದಲ್ಲಿ ಮಾತ್ರ, ಹಾಗಾಗಿ ಬೇರೆ ಖಂಡದ ಪುಸ್ತಕದಲ್ಲಿ ಅದನ್ನು ಹುಡುಕುವುದು ದಂಡ. ಇದಿಲ್ಲದ ಕೈಪಿಡಿ ಪಾಲ್ಘರಿನಿಂದ ಕಾರವಾರದವರೆಗೆ ಎಲ್ಲಿಯೂ ಜೇಬಿಗೆ ಹಾಕುವಂಥದ್ದಲ್ಲ. ಒಟ್ಟಿನಲ್ಲಿ, ನನಗೆ ಚೆನ್ನಾಗಿ ಗೊತ್ತಿರುವ ಅಣಬೆಯ ಬಗ್ಗೆ ಪುಸ್ತಕ ಏನು ಹೇಳುತ್ತದೆ ಎಂದು ನೋಡಿಯೇ ಗೊತ್ತಿಲ್ಲದವುಗಳ ಬಗ್ಗೆ ಅದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇನೆ.

ಫೋಟೋ ಒಳ್ಳೆಯದೋ ಬಿಡಿಸಿದ ಚಿತ್ರ ಒಳ್ಳೆಯದೋ ಎಂದು ಗೆಳೆಯರು ಜಗಳವಾಡುತ್ತಾರೆ. ನನ್ನ ಮತ ಚಿತ್ರಕ್ಕೆ. ಫೋಟೋದಲ್ಲಿರುವುದು ಆ ದಿನ ಆ ಬೆಳಕಿನಲ್ಲಿ ಸಿಕ್ಕ ಒಂದೇ ಒಂದು ಅಣಬೆ. ಕಲಾವಿದ ಒಂದೇ ಪುಟದಲ್ಲಿ ಮೊಗ್ಗು, ಅರಳಿದ್ದು, ಮುದಿಯಾದದ್ದು, ಉದ್ದಕ್ಕೆ ಸೀಳಿದ್ದು, ಮಣ್ಣಿನೊಳಗಿನ ಬುಡ, ಎಲ್ಲವನ್ನೂ ಸಾಲಾಗಿ ನಿಲ್ಲಿಸಬಲ್ಲ. ಬುಡವಂತೂ ಬೇಕೇ ಬೇಕು. ಅಮಾನಿಟಾ ಕುಲದ ಹಲವು ಜಾತಿಗಳಿಗೆ ಬುಡದಲ್ಲಿ ಹರಿದ ಚೀಲವಿರುತ್ತದೆ. ನೆಲಮಟ್ಟದಲ್ಲಿ ಕತ್ತರಿಸಿದವನಿಗೆ ಅದು ಕಾಣುವುದೇ ಇಲ್ಲ. ಆ ಕುಲದ ಮಾರಕ ಜಾತಿಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ಸಾಮಾನ್ಯವಾಗಿ 6ರಿಂದ 24 ಗಂಟೆಗಳವರೆಗೆ ಏನೂ ಆಗದೆ, ಊಟ ಅರಗಿತು ಎಂದು ನಿಶ್ಚಿಂತರಾದ ಮೇಲೆ ವಾಂತಿ ಶುರುವಾಗುತ್ತದೆ. ಯಕೃತ್ತಿಗೆ ಪೆಟ್ಟು ಬಿದ್ದದ್ದು ಗೊತ್ತಾಗುವುದು ಆಮೇಲೆ. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿ ಬಣ್ಣ ಬದಲಾಗುವುದು, ಹುಳು ತಿಂದದ್ದು ಮನುಷ್ಯನಿಗೂ ಆಗುತ್ತದೆ ಎನ್ನುವುದು, ಇವುಗಳಲ್ಲಿ ಯಾವುದನ್ನಾದರೂ ಪರೀಕ್ಷೆ ಎಂದು ಒಪ್ಪಿಕೊಂಡ ಪುಸ್ತಕವನ್ನು ಮುಚ್ಚಿ ರಾಶಿಗೆ ಹಾಕುತ್ತೇನೆ. ಫೋರ್ಕಿನ ಚಿಹ್ನೆ ಕಂಡರೂ ಈಗ ಮೈ ಉರಿಯುತ್ತದೆ. ಕಾಡಿನಲ್ಲಿ ಗುರುತಿಸಿದ್ದನ್ನು ನಾನು ತಿನ್ನುವುದಿಲ್ಲ, ನೋಡುವುದಷ್ಟೇ.

ಹೆಸರುಗಳು ಹಳೆಯವಾಗಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಮೊದಲು ಕೊಪ್ರಿನಸ್ ಎನ್ನುತ್ತಿದ್ದ ಶಾಯಿ ಅಣಬೆಗಳಲ್ಲಿ ಬಹುಪಾಲು 2001ರಲ್ಲಿ ಬೇರೆ ಮೂರು ಹೆಸರುಗಳಿಗೆ ಹಂಚಿಹೋದವು, ಆದರೆ ಅವು ಕರಗಿ ಶಾಯಿಯಾಗುವುದನ್ನೇನೂ ಬಿಟ್ಟಿಲ್ಲ. ಅಂದ ಹಾಗೆ, ನಮ್ಮ ಪತ್ರಿಕೆಗಳಲ್ಲಿ ಕೋಚಿಂಗ್ ಕೇಂದ್ರಗಳು ಮಾತ್ರ ನಾಯಿಕೊಡೆಗಳಂತೆ ತಲೆ ಎತ್ತುತ್ತವೆ. ನಿಜವಾದ ನಾಯಿಕೊಡೆ ಎದ್ದರೆ ತಿರುಗಿ ನೋಡುವವರಿಲ್ಲ. ಮರಾಠಿಯಲ್ಲಿಯೂ ಅದು ಕುತ್ರ್ಯಾಚಿ ಛತ್ರಿಯೇ. ನಾಯಿಗೆ ಎರಡೂ ಭಾಷೆಗಳಲ್ಲಿ ಕೊಡೆ ಸಿಕ್ಕಿದೆ.

ಭಾನುವಾರಗಳಂದು ನಾನು ತಿರುಗುವುದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ. ನಗರದೊಳಗೇ ಸುಮಾರು 104 ಚದರ ಕಿಲೋಮೀಟರ್ ಕಾಡು, ಆದರೆ ಅಲ್ಲಿ ಒಂದು ಎಲೆಯನ್ನೂ ಕೀಳುವಂತಿಲ್ಲ. ಕೀಳದೆ ಅಡಿ ನೋಡುವುದು ಹೇಗೆ? ಹೆಂಡತಿಯ ಪರ್ಸಿನ ಪುಟ್ಟ ಕನ್ನಡಿ ಈಗ ನನ್ನ ಜೇಬಿನಲ್ಲಿದೆ. ಕೊಡೆಯ ಕೆಳಗೆ ಸರಿಸಿದರೆ ಎಸಳೋ, ರಂಧ್ರಗಳೋ, ಮುಳ್ಳುಗಳೋ ಕಾಣುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದ ಅಳತೆಗಳಿಗೆ ಅರ್ಧ ಪುಟ ಕೊಟ್ಟು ಅಡಿಯ ಚಿತ್ರ ಬಿಟ್ಟ ಪುಸ್ತಕ ನನಗೆ ಬೇಡ. ಮಳೆಯ ಮಾತು ಬೇರೆ. ನುಣುಪು ಕಾಗದದ ಪುಟಗಳು ಒದ್ದೆಯಾಗಿ ಒಣಗಿದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ. ಮೊದಲ ಪುಸ್ತಕ ಈಗ ಹಾಗೆಯೇ ಇದೆ.

ಕೊನೆಗೆ ಉಳಿಸಿಕೊಂಡದ್ದು ಆಗ್ನೇಯ ಏಷ್ಯಾದ ಅಣಬೆಗಳ ತೆಳು ಪುಸ್ತಕ. ಫೋಟೋಗಳೇ ಹೆಚ್ಚು, ಆದರೂ ಹಸಿರು ಬೀಜಕದ್ದು ಇದೆ, ಹುತ್ತದ್ದು ಇದೆ, ಹಿಂದಿನ ರಟ್ಟಿನ ಮೇಲೆ 10 ಸೆಂಟಿಮೀಟರಿನ ಅಳತೆಪಟ್ಟಿ ಇದೆ. ಬೋರಿವಲಿ ಸ್ಟೇಷನ್ನಿನ ಹೊರಗೆ ಮಳೆಗಾಲದಲ್ಲಿ ಸೊಪ್ಪು ಮಾರಲು ಬರುವ ಆದಿವಾಸಿ ಹೆಂಗಸೊಬ್ಬರಿದ್ದಾರೆ. ನಮ್ಮ ತಜಂಕ್ ಸೊಪ್ಪನ್ನು ಟಾಕಳಾ ಎಂದು ಮಾರುತ್ತಾರೆ, ಕೆಲವು ದಿನ ಎಲೆಯ ಪೊಟ್ಟಣದಲ್ಲಿ ಅಳಂಬಿ, ಅಂದರೆ ಅಣಬೆ. ಅವರಿಗೆ ಹುತ್ತದ ಅಣಬೆಯ ಪುಟ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಪುಸ್ತಕವನ್ನು ತಲೆಯ ಮಟ್ಟಕ್ಕೆ ಎತ್ತಿ ಕೆಳಗಿನಿಂದ ಇಣುಕಿದರು. "ಖಾಲೂನ ಕಶೀ ದಿಸತೇ?" ಕೆಳಗಿನಿಂದ ಹೇಗೆ ಕಾಣುತ್ತದೆ? ನಿಜ, ಆ ಪುಟದಲ್ಲಿದ್ದದ್ದು ಮೇಲಿನ ನೋಟ ಮಾತ್ರ.

ಮುಂದಿನ ಭಾನುವಾರ ಕನ್ನಡಿ ಹಿಡಿದು ಅಡಿಯ ಫೋಟೋ ತೆಗೆದೆ, ಪಾಸ್‌ಪೋರ್ಟ್ ಗಾತ್ರಕ್ಕೆ ಮುದ್ರಿಸಿ ಪುಟದ ಅಂಚಿಗೆ ಅಂಟಿಸಿ ಮತ್ತೆ ಒಯ್ದು ತೋರಿಸಿದೆ. ತಲೆಯಾಡಿಸಿದರು. ಬಾಲ ಎಲ್ಲಿ ಎಂದರು. ಉದ್ಯಾನದಲ್ಲಿ ಅಗೆಯಲು ಬಿಡುವುದಿಲ್ಲ ಎಂದೆ. ಪೊಟ್ಟಣ ಬಿಚ್ಚಿ, ಮಣ್ಣು ಮೆತ್ತಿದ ಬಾಲದ ಒಂದನ್ನು ಆರಿಸಿ ನನ್ನ ಪುಸ್ತಕದ ಬೆನ್ನಿನ ಮೇಲೆ ಅಡ್ಡಲಾಗಿ ಇಟ್ಟರು. ಬಾಲ ಅಳತೆಪಟ್ಟಿಯನ್ನು ದಾಟಿ, ರಟ್ಟಿನ ಅಂಚಿನಿಂದ ಕೆಳಗೆ ಜೋತುಬಿದ್ದಿತು.