ನನ್ನ ರೇಂಜ್‌ಫೈಂಡರ್‌ಗೆ ಚಿಕ್ಕ ಲೆನ್ಸ್ ಹುಡುಕಿದ್ದು

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಬೆಳಗ್ಗೆ ಆರೂವರೆಗೆ ತೆಗೆದ ಒಂದು ಚಿತ್ರ ನನ್ನ ಬಳಿ ಇದೆ. ಅಜ್ಜಿಯೊಬ್ಬರು ಸೇವಂತಿಗೆ ಮಾಲೆಯನ್ನು ಮೊಳ ಹಾಕುತ್ತಿದ್ದಾರೆ. ಮೇಲಿನ ಬಲ್ಬಿನ ಬೆಳಕು ಅವರ ಮೊಣಕೈ ಮೇಲೆ ಬಿದ್ದಿದೆ. ಎಲ್ಲವೂ ನಾನು ಬಯಸಿದಂತೆಯೇ ಬಂದಿದೆ, ಕೆಳಗಿನ ಬಲ ಮೂಲೆಯೊಂದನ್ನು ಬಿಟ್ಟು. ಅಲ್ಲಿ ಯಾರದೋ ಬಿಳಿ ಪ್ಲಾಸ್ಟಿಕ್ ಚೀಲ ಹೊಳೆಯುತ್ತಿದೆ. ಶಟರ್ ಒತ್ತುವಾಗ ಆ ಚೀಲ ನನಗೆ ಕಾಣಲೇ ಇಲ್ಲ, ಏಕೆಂದರೆ ನನ್ನ ಲೆನ್ಸೇ ಅದನ್ನು ಮರೆಮಾಡಿತ್ತು.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ, ಎಡ ಮೇಲ್ತುದಿಯ ಪುಟ್ಟ ಕಿಟಕಿಯಿಂದ ನೋಡುತ್ತೇವೆ. ಲೆನ್ಸ್ ಉದ್ದವಾಗಿದ್ದರೆ ಅದರ ಮೂತಿ ಆ ಕಿಟಕಿಯ ಬಲ ಕೆಳ ಮೂಲೆಗೆ ಅಡ್ಡ ಬರುತ್ತದೆ. ಆಗ ನನ್ನ ಬೆಸ್ಸಾ ಆರ್2ಎ ಕ್ಯಾಮೆರಾದ ಮೇಲೆ ಇದ್ದುದು 50 ಮಿ.ಮೀ. ಎಫ್/1.5ರ ದಪ್ಪನೆಯ ಲೆನ್ಸ್, ಅದರ ಮುಂದೆ ಅಡ್ಡ ಬೆಳಕು ತಡೆಯುವ ಹುಡ್ ಬೇರೆ. (50 ಎಂಬುದು ಲೆನ್ಸಿನ ಸಂಗಮ ದೂರ, ಅದರ ಮೈಯ ಉದ್ದವಲ್ಲ; ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು.) ಬೆಳಕು ಹೆಚ್ಚು ಕುಡಿಯುವ ಲೆನ್ಸೇ ಒಳ್ಳೆಯದು ಎಂಬ ನಂಬಿಕೆಯಿಂದ ಕೊಂಡದ್ದು ಅದು. ಆ ಚೀಲ ಕಂಡ ಮೇಲೆ ಹಳೆಯ ನೆಗೆಟಿವ್‌ಗಳನ್ನೆಲ್ಲ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಅದೇ ಮೂಲೆಯಲ್ಲಿ ಒಂದರಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಅರ್ಧ ಬಕೆಟ್, ಮತ್ತೊಂದರಲ್ಲಿ ನಾಯಿಯ ಬಾಲ. ಅಂದಿನಿಂದ ಲೆನ್ಸ್ ನೋಡುವಾಗ ಬೆಳಕು ಬಿಡುವ ಕಿಂಡಿಯಾದ ಅಪರ್ಚರ್‌ಗಿಂತ ಮೊದಲು ಅದರ ಉದ್ದ ಕೇಳುತ್ತೇನೆ.

ಇನ್ನೊಂದು ಕಾರಣವೂ ಇತ್ತು. ಈ ಕ್ಯಾಮೆರಾ ಎರಡು ಕಿಟಕಿಗಳಿಂದ ದೂರ ಅಳೆಯುತ್ತದೆ; ಅವುಗಳ ಎರಡು ಬಿಂಬಗಳು ಒಂದಾದಾಗ ಫೋಕಸ್ ಸರಿ. ಆ ಕಿಟಕಿಗಳ ನಡುವಿನ ಅಂತರ ಬೆಸ್ಸಾದಲ್ಲಿ 37 ಮಿ.ಮೀ. ಮಾತ್ರ. ನಾವು ನೋಡುವ ಕಿಟಕಿ, ಅಂದರೆ ವ್ಯೂಫೈಂಡರ್, 0.7 ಪಟ್ಟು ತೋರಿಸುವುದರಿಂದ ಕೆಲಸಕ್ಕೆ ಬರುವ ಅಂತರ ಸುಮಾರು 26 ಮಿ.ಮೀ.ಗೆ ಇಳಿಯುತ್ತದೆ. 1954ರಲ್ಲಿ ಬಂದ ಲೈಕಾ ಎಂ3 ಕ್ಯಾಮೆರಾದಲ್ಲಿ ಇದು 60 ಮಿ.ಮೀ.ಗೂ ಹೆಚ್ಚು. ಈ ಅಂತರ ಕಡಿಮೆಯಾದಷ್ಟೂ ನಡುವಿನ ಹೊಳೆಯುವ ಚೌಕದಲ್ಲಿ ಎರಡು ಬಿಂಬಗಳು ನಿಜಕ್ಕೂ ಒಂದಾದವೇ ಎಂದು ಹೇಳುವುದು ಕಷ್ಟ. ಎಫ್/1.5ಕ್ಕೆ ತೆರೆದು ಹತ್ತಿರದ ಮುಖ ತೆಗೆದರೆ ನಾನು ಕಣ್ಣಿಗೆ ಹೊಂದಿಸಿದ್ದು ಕಿವಿಯಲ್ಲಿ ಸ್ಪಷ್ಟವಾಗುತ್ತಿತ್ತು. ಅಂದರೆ ಆ ದೊಡ್ಡ ಗಾಜಿಗೆ ಸುರಿದ ಹಣದ ಪ್ರಯೋಜನವನ್ನು ನನ್ನ ಕ್ಯಾಮೆರಾ ಪೂರ್ತಿ ಪಡೆಯುವಂತೆಯೇ ಇರಲಿಲ್ಲ. ಅದನ್ನು ಮಾರಿದೆ.

ಮೊದಲು ಮನಸ್ಸು ಹೋದದ್ದು ಮಡಚುವ ಲೆನ್ಸ್‌ಗಳ ಕಡೆಗೆ. ಗೆಳೆಯರೊಬ್ಬರು ತಮ್ಮ ಎಲ್ಮಾರ್ 50 ಮಿ.ಮೀ. ಎಫ್/2.8 ಅನ್ನು ಎರಡು ವಾರ ಬಳಸಲು ಕೊಟ್ಟರು. ಕೊಳವೆಯನ್ನು ಎಳೆದು ತಿರುಗಿಸಿದರೆ ಕೂರುತ್ತದೆ, ತಿರುಗಿಸಿ ತಳ್ಳಿದರೆ ಒಳಗೆ ಸರಿಯುತ್ತದೆ. ನೋಡಲೇ ಚೆಂದ. ಆದರೆ ಒಳಗೆ ಸರಿದ ಕೊಳವೆ ಕ್ಯಾಮೆರಾದ ಹೊಟ್ಟೆಯೊಳಗೆ ಏನಿಗೆ ತಗಲುತ್ತದೆ ಎಂಬುದು ಮುಖ್ಯ. ಲೈಕಾ ಎಂ5 ಮತ್ತು ಸಿಎಲ್ ಕ್ಯಾಮೆರಾಗಳಲ್ಲಿ ಶಟರ್ ಮುಂದೆ ಬೆಳಕು ಅಳೆಯುವ ಮೀಟರಿನ ತೋಳು ಇರುವುದರಿಂದ ಇಂಥ ಲೆನ್ಸ್‌ಗಳನ್ನು ಮಡಚಬಾರದು. ನನ್ನ ಬೆಸ್ಸಾದಲ್ಲೂ ಮಡಚುವ ಧೈರ್ಯ ಮಾಡಲಿಲ್ಲ. ಮಡಚದಿದ್ದ ಮೇಲೆ ಮಡಚುವ ಲೆನ್ಸ್ ಯಾಕೆ? ಚಿತ್ರ ತೆಗೆಯುವಾಗ ಅದು ಹೇಗೂ ಹೊರಗೆ ಚಾಚಿಕೊಂಡೇ ಇರುತ್ತದೆ.

40 ಮಿ.ಮೀ. ಸುಮಿಕ್ರಾನ್-ಸಿ ಕೂಡ ಕೈಯಲ್ಲಿ ಹಿಡಿದು ನೋಡಿದೆ. 1973ರಲ್ಲಿ ಲೈಕಾ ಸಿಎಲ್ ಜೊತೆಗೆ ಬಂದ ಪುಟಾಣಿ ಅದು, ಎಫ್/2. ಬಹಳ ಇಷ್ಟವಾಯಿತು. ಆದರೆ ಲೆನ್ಸ್ ಎಷ್ಟು ಭಾಗ ಹಿಡಿಯುತ್ತದೆ ಎಂದು ತೋರಿಸುವ ಚೌಕಟ್ಟಿನ ಗೆರೆ ನನ್ನ ವ್ಯೂಫೈಂಡರ್‌ನಲ್ಲಿ 40ಕ್ಕೆ ಇಲ್ಲ, ಇರುವುದು 35, 50, 75 ಮತ್ತು 90. ಅಂದಾಜಿನ ಮೇಲೆ ಚೌಕಟ್ಟು ಕಟ್ಟುವುದಾದರೆ ಮತ್ತೆ ಆ ಮೂಲೆಯ ಚೀಲದ ಕಥೆಗೇ ಮರಳಿದಂತೆ.

ನಡುವೆ ಒಂದು ಹಳೆಯ ಜಪಾನಿ ಸ್ಕ್ರೂ ಲೆನ್ಸನ್ನೂ ಕೊಂಡೆ. ತಿರುಪಿ ಕೂರಿಸುವ 39 ಮಿ.ಮೀ. ಅಗಲದ ಸ್ಕ್ರೂ ಲೆನ್ಸ್‌ಗಳು 1 ಮಿ.ಮೀ. ದಪ್ಪದ ಅಡಾಪ್ಟರ್ ಹಾಕಿದರೆ ನನ್ನ ಬೆಸ್ಸಾದಂಥ ಎಂ ಮೌಂಟ್ (ಲೈಕಾ ಎಂ ಬಗೆಯ ಲೆನ್ಸ್ ಜೋಡಣೆ) ಕ್ಯಾಮೆರಾಗಳಲ್ಲಿ ಸರಿಯಾಗಿ ಕೂರುತ್ತವೆ, ಫೋಕಸ್ ಕೂಡ ಹೊಂದುತ್ತದೆ. ಮಾರಿದವರು ಕಳುಹಿಸಿದ ಫೋಟೋಗಳಲ್ಲಿ ಗಾಜು ಕನ್ನಡಿಯಂತಿತ್ತು. ಮನೆಯಲ್ಲಿ ದೀಪ ಆರಿಸಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಹಾಲು ತೊಳೆದಂಥ ಮಬ್ಬು, ಅಂಚಿನಲ್ಲಿ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು. ಹಣ ಹಿಂದೆ ಬರಲಿಲ್ಲ. ಹಳೆಯ ಲೆನ್ಸ್ ಕೊಳ್ಳುವವರು ಈ ಟಾರ್ಚ್ ಪರೀಕ್ಷೆ ಮಾಡದೆ ಹಣ ಕೊಡಲೇಬಾರದು. ದೂರದ ಊರಿನವರಾದರೆ ಟಾರ್ಚ್ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡಿ.

ಕೊನೆಗೆ ಬಂದು ನಿಂತದ್ದು ವಾಯ್ಟ್‌ಲೆಂಡರ್ ಕಲರ್ ಸ್ಕೋಪಾರ್ 35 ಮಿ.ಮೀ. ಎಫ್/2.5ರ ಬಳಿ. ತೂಕ 134 ಗ್ರಾಂ, ಉದ್ದ 23 ಮಿ.ಮೀ. ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೂ ಉದ್ದವಿಲ್ಲ. ಇಷ್ಟು ಚಿಕ್ಕದಾಗಿ ಮಾಡಲು ಆಗುವುದು ಈ ಬಗೆಯ ಕ್ಯಾಮೆರಾದೊಳಗೆ ಕನ್ನಡಿ ಇಲ್ಲದಿರುವುದರಿಂದ. ಎಂ ಮೌಂಟ್‌ನಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿಗೆ 27.8 ಮಿ.ಮೀ. ಅಷ್ಟೇ. ಕನ್ನಡಿಯ ನೆರವಿನಿಂದ ಲೆನ್ಸ್ ಮೂಲಕವೇ ನೋಡುವ ನಿಕಾನ್ ಎಫ್‌ನಂಥ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಕನ್ನಡಿ ಏಳಲು ಜಾಗ ಬೇಕಾದ್ದರಿಂದ ಅದು 46.5 ಮಿ.ಮೀ. ಅಲ್ಲಿ 35 ಮಿ.ಮೀ. ಲೆನ್ಸನ್ನು ಫಿಲ್ಮಿನಿಂದ ಅಷ್ಟು ದೂರ ನಿಲ್ಲಿಸಲು ಮುಂದೆ ದೊಡ್ಡ ಗಾಜುಗಳನ್ನು ಇಡಬೇಕಾಗುತ್ತದೆ. ಇಲ್ಲಿ ಆ ಹೊರೆ ಇಲ್ಲ.

ಇದರ ಕೆಳಗೆ ಬೆರಳಿಗೆ ಆಸರೆಯಾಗುವ ಒಂದು ಪುಟ್ಟ ಹಿಡಿ ಇದೆ. ಲೆನ್ಸ್ ಕೊಳ್ಳುವಾಗ ಇದರ ಬಗ್ಗೆ ನಾನು ಯೋಚಿಸಿರಲೇ ಇಲ್ಲ, ಈಗ ಇದಿಲ್ಲದ ಲೆನ್ಸ್ ನನಗೆ ಬೇಡ. ಎಡಗೈಯ ಮಧ್ಯದ ಬೆರಳು ಆ ಬಾಗಿದ ಹಿಡಿಯಲ್ಲಿ ಕೂರುತ್ತದೆ. ಹಿಡಿ ಎತ್ತ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ಬೆರಳೇ ತಿಳಿದು, ಒಂದು ಮೀಟರ್ ಎಲ್ಲಿ, ಮೂರು ಮೀಟರ್ ಎಲ್ಲಿ ಎಂದು ಹೇಳುತ್ತದೆ. ಸುಮಾರು ಒಂದು ತಿಂಗಳು ಬಸ್ಸಿಗೆ ಕಾಯುವಾಗಲೆಲ್ಲ ಫಿಲ್ಮ್ ಹಾಕದೆಯೇ ಅಭ್ಯಾಸ ಮಾಡಿದೆ. ಕಂಬ ನೋಡಿ ದೂರ ಊಹಿಸುವುದು, ಬೆರಳಿನಿಂದ ಹಿಡಿ ಸರಿಸುವುದು, ಆಮೇಲೆ ಕಿಟಕಿಯಲ್ಲಿ ನೋಡಿ ತಾಳೆ ಹಾಕುವುದು. ಈಗ ಮಾರುಕಟ್ಟೆಯ ಬೀದಿಯಲ್ಲಿ ಬಿಸಿಲು ಬಂದ ಮೇಲೆ ಎಫ್/8, ಮೂರು ಮೀಟರ್ ಇಟ್ಟುಕೊಂಡು ನಡೆಯುತ್ತೇನೆ. ಸುಮಾರು ಎರಡು ಮೀಟರ್‌ನಿಂದ ಏಳು ಮೀಟರ್‌ವರೆಗಿನದೆಲ್ಲ ಸ್ಪಷ್ಟ. ಕ್ಯಾಮೆರಾ ಕಣ್ಣಿಗೇರುವ ಮೊದಲೇ ಫೋಕಸ್ ಮುಗಿದಿರುತ್ತದೆ.

ಕಳೆದುಕೊಂಡದ್ದೇನು? ಎಫ್/1.5ರಿಂದ 2.5ಕ್ಕೆ ಇಳಿದದ್ದರಿಂದ ಸುಮಾರು ಒಂದೂವರೆ ಸ್ಟಾಪ್ ಬೆಳಕು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ). ಬಲ್ಬಿನ ಬೆಳಕಿನ ಮುಂಜಾವಿಗೆ ಎಚ್‌ಪಿ5 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲ್ಮಿನ ವೇಗವನ್ನು (ಬೆಳಕಿಗೆ ಅದು ಎಷ್ಟು ಸೂಕ್ಷ್ಮ ಎಂಬುದನ್ನು) 400ರ ಬದಲು 1600 ಎಂದು ಎಣಿಸಿ ತೆಗೆದು, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಇಡುತ್ತೇನೆ. ಕಣ ದಪ್ಪವಾಗುತ್ತದೆ, ನೆರಳು ಕಪ್ಪಾಗುತ್ತದೆ, ಹೂವಿನ ಸಾಲಿಗೆ ಅದು ಒಪ್ಪುತ್ತದೆ. ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ತುಸು ಮಬ್ಬಾಗುತ್ತವೆ. ಎಫ್/5.6ರ ಹೊತ್ತಿಗೆ ಅದು ನನ್ನ ಕಣ್ಣಿಗೆ ಬೀಳುವುದಿಲ್ಲ.

ನನ್ನ ತವರು ಮಲೆನಾಡಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಹೋಗುವಾಗ ಲೆನ್ಸನ್ನು ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ, ಚರ್ಮದ ಚೀಲದಲ್ಲಿ ಮಾತ್ರ ಎಂದೂ ಇಡುವುದಿಲ್ಲ. ಲೆನ್ಸ್ ಚಿಕ್ಕದಾದ್ದರಿಂದ ಅಡುಗೆಮನೆಯ ಸಾಧಾರಣ ಡಬ್ಬಿಯೇ ಸಾಕಾಗುತ್ತದೆ.

50 ಮಿ.ಮೀ.ನ ಆಸೆ ಪೂರ್ತಿ ಹೋಗಿಲ್ಲ. ಅದಕ್ಕೆ ಒಂದು ಜುಪಿಟರ್-8 ಇದೆ. ಸೋವಿಯತ್ ಕಾಲದ ಎಫ್/2 ಲೆನ್ಸ್, ಜರ್ಮನಿಯ ಸೊನ್ನಾರ್ ವಿನ್ಯಾಸದ್ದು, ಅಲ್ಯುಮಿನಿಯಂ ಮೈ, ಹಗುರ. ಅದನ್ನು ಹೊಂದಿಸಿರುವುದು ಸೋವಿಯತ್ ಕ್ಯಾಮೆರಾಗಳ ಅಳತೆಗೆ, ಹಾಗಾಗಿ ನನ್ನ ಬೆಸ್ಸಾದಲ್ಲಿ ಹತ್ತಿರದ ಫೋಕಸ್ ಸ್ವಲ್ಪ ತಪ್ಪುತ್ತದೆ. ವೃತ್ತಪತ್ರಿಕೆಯನ್ನು ಓರೆಯಾಗಿಟ್ಟು, ಒಂದು ಸಾಲಿಗೆ ಗುರುತು ಹಾಕಿ, ಬೇರೆ ಬೇರೆ ದೂರದಿಂದ ಒಂದು ರೋಲ್ ತೆಗೆದು ಪರೀಕ್ಷಿಸಿದೆ. ಮೂರು ಮೀಟರ್ ಆಚೆಗೆ ಸರಿಯಾಗಿದೆ. ದೇವಸ್ಥಾನದ ಕಂಬಗಳಿಗೆ, ಬೀದಿಯ ಆಚೆ ಬದಿಗೆ ಅದನ್ನು ಹಾಕುತ್ತೇನೆ. ಅಜ್ಜಿಯ ಹೂವಿನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಕ್ಯಾಮೆರಾದ ಮೇಲಿರುವುದು ಆ 35.