ಮೈನಸ್ ಪವರ್ ಜಾಸ್ತಿ ಇದ್ದರೆ ದೊಡ್ಡ ಫ್ರೇಮ್ ಬೇಡ

ಕನ್ನಡಕದ ಪವರ್ ಮೈನಸ್ 4 ದಾಟಿದವರು ದಯವಿಟ್ಟು ಅಗಲವಾದ ಫ್ರೇಮ್ ತಗೊಳ್ಳಬೇಡಿ. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ, ಹಾಗಾಗಿ ಫ್ರೇಮ್ ದೊಡ್ಡದಾದಷ್ಟೂ ದಪ್ಪ ಅಂಚು ಎದ್ದು ಕಾಣುತ್ತದೆ, ಮೂಗಿಗೂ ಭಾರ. ನಿಮಗೆ ಸರಿಯಾಗಿ ಕೂರುವ ಹಳೆ ಕನ್ನಡಕದ ಕಡ್ಡಿಯ ಒಳಗೆ ನೋಡಿ, 50-20-140 ಅನ್ನುವ ಥರ ಬರೆದಿರುತ್ತದೆ. ಲೆನ್ಸಿನ ಅಗಲ, ಮೂಗಿನ ಮೇಲಿನ ಅಂತರ, ಕಡ್ಡಿಯ ಉದ್ದ, ಎಲ್ಲ ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ಅದರ ಆಸುಪಾಸಿನದ್ದೇ ಕೇಳಿ. ಲೆನ್ಸಿನ ಇಂಡೆಕ್ಸ್, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.5 ಬದಲು 1.6 ಆದರೆ ಲೆನ್ಸ್ ತೆಳ್ಳಗಿರುತ್ತದೆ, ಆದರೆ ಪವರ್ ಕಮ್ಮಿ ಇರುವವರು ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಮಕ್ಕಳಿಗೆ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಲೆನ್ಸ್ ಕೊಡಿಸಿ, ಚೆಂಡು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ. ರಾತ್ರಿ ಗಾಡಿ ಓಡಿಸುವವರು ಆಂಟಿ ಗ್ಲೇರ್ ಕೋಟಿಂಗ್ ಹಾಕಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಕನ್ನಡಕ ಬಿಡಬೇಡಿ, ಕಾವಿಗೆ ಕೋಟಿಂಗ್ ಬಿರುಕು ಬಿಡಬಹುದು.